ಕ್ಲಚ್ಚು ಸಡಿಲ ಬಿಟ್ಟ ಚಳಿಗಾಲ

ನಮ್ಮ ಮನೆಯವರಿಗೆ ಇಬ್ಬರು ಹೆಂಡಂದಿರು ಎಂಬ ತಮಾಷೆ ಸೇಡಂನ ನಮ್ಮ ಓಣಿಯಲ್ಲಿ ಬಹಳ ಕಾಲದಿಂದ ಇದೆ. ಒಬ್ಬಳು ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಇನ್ನೊಬ್ಬಳು ಅಂಗಳದಲ್ಲಿ ನಿಲ್ಲುವ ಕೆಂಪು ಸ್ಪೋರ್ಟ್ಸ್ ಬೈಕು. ಇಬ್ಬರಲ್ಲಿ ಬೇಗ ಬಿಸಿಯಾಗುವವಳು ಯಾರು ಎಂದು ಕೇಳಿದರೆ ಅವರು ಉತ್ತರ ಕೊಡುತ್ತಿರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

ಅವರು ಚಿತ್ತಾಪುರದ ಕೋರ್ಟಿನಲ್ಲಿ ವಕೀಲರು. ಊರಿಂದ ಊರಿಗೆ ರೈಲಿದೆ, ಬಸ್ಸಿದೆ, ಆದರೂ ಅವರಿಗೆ ಬೈಕೇ ಬೇಕು. ಕರಿ ಕೋಟು ಬ್ಯಾಗಿನಲ್ಲಿ ಮಡಚಿಟ್ಟು, ಮುಂದಕ್ಕೆ ಬಾಗಿ, ಮೊಣಕಾಲು ಟ್ಯಾಂಕಿಗೆ ಒತ್ತಿ ಹೊರಟರೆಂದರೆ ಮಳಖೇಡದ ಸೇತುವೆ ಬಂದಾಗ ಮಾತ್ರ ವೇಗ ಇಳಿಸಿ, ಮಠದ ದಿಕ್ಕಿಗೆ ತಲೆ ಬಾಗಿಸಿ, ಮತ್ತೆ ಹೊರಡುವುದು. ಬೈಕು ಬಂದ ವರ್ಷವೇ ನನಗೂ ಓಡಿಸುವುದನ್ನು ಕಲಿಸಿದರು. ಅವತ್ತು ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಿಂತದ್ದು ಒಳ್ಳೆಯದೇ ಆಯಿತು, ಬಿದ್ದಾಗ ಎತ್ತಲು ಜನ ಸಿಕ್ಕರು.

ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲದ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಗೋಡೆ ಹಿಡಿದು ಕುಸಿದರು. ನಮ್ಮ ಕಡೆ ಅದಕ್ಕೆ ಲಕ್ವಾ ಹೊಡೆಯಿತು ಎನ್ನುತ್ತಾರೆ. ಎಡಗಾಲು, ಎಡಗೈ ಎರಡೂ ಸತ್ತ ಹಾಗೆ ಆದವು. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಹೇಗೋ ಮಾತು ಕೇಳತೊಡಗಿತು. ದೀಪಾವಳಿಯ ಹೊತ್ತಿಗೆ ಕೋಲು ಹಿಡಿದು ಅಂಗಳದ ತನಕ ನಡೆದರು. ಕೈ ಮಾತ್ರ ಕೇಳಲಿಲ್ಲ. ಬೆರಳು ಒಳಗೆ ಮಡಚಲೇ ಒಲ್ಲವು. ಕ್ಲಚ್ಚು ಹಿಡಿಯುವ ಕೈ ಅದೇ.

ವೈದ್ಯರು ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾ ಹಿಸುಕಬೇಕು ಎಂದಿದ್ದರು. ಇವರು ಎರಡು ದಿನ ಹಿಸುಕಿದಂತೆ ಮಾಡಿ ಮೂರನೆಯ ದಿನ ಅದನ್ನು ಅಟ್ಟದ ಮೇಲೆ ಎಸೆದರು.

“ನಾ ಏನ್ ತೊಟ್ಟಿಲ ಕೂಸೇನು? ಚೆಂಡು ಹಿಡ್ಕೊಂಡು ಕೂಡ್ಲಿಕ್ಕೆ?”

ನಾನೂ ಬಿಡುವವಳಲ್ಲ. ಏಣಿ ಹಾಕಿ ಚೆಂಡು ಇಳಿಸಿದೆ. ಅವರು ಮತ್ತೆ ಎಸೆದರು. ಹೀಗೆ ಆ ಚೆಂಡಿನ ಜೊತೆ ನನಗೇ ಹೆಚ್ಚು ವ್ಯಾಯಾಮವಾಯಿತು.

ಒಂದು ಮುಂಜಾನೆ ನಾನು ಶಾಲೆಗೆ ಹೊರಟಾಗ ಅವರು ಬೈಕಿನ ಪಕ್ಕ ನಿಂತಿದ್ದರು. ಬಲಗೈಯಿಂದ ಎಡಗೈಯನ್ನು ಎತ್ತಿ ಕ್ಲಚ್ಚಿನ ಮೇಲೆ ಇಟ್ಟು, ಬೆರಳನ್ನು ಒಂದೊಂದಾಗಿ ಅದರ ಮೇಲೆ ಕೂಡಿಸಿದ್ದರು. ಎಳೆಯಲು ನೋಡುತ್ತಿದ್ದರು. ಕುತ್ತಿಗೆಯ ನರ ಉಬ್ಬಿತ್ತು, ಕ್ಲಚ್ಚು ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನನ್ನು ನೋಡಿ ಧೂಳು ಒರೆಸುತ್ತಿದ್ದವರಂತೆ ಮಾಡಿದರು. ನಾನೂ ನೋಡದವಳಂತೆ ಹೊರಟುಬಿಟ್ಟೆ. ಅವತ್ತು ಒಂಬತ್ತನೇ ತರಗತಿಗೆ ಏನು ಪಾಠ ಮಾಡಿದೆನೋ ನನಗೆ ಗೊತ್ತಿಲ್ಲ.

ಸಂಜೆ ಅವರು ಮಲಗಿದ್ದಾಗ ನಾನು ಒಂದು ಕೆಲಸ ಮಾಡಿದೆ. ಕ್ಲಚ್ಚಿನ ಕೇಬಲ್ಲು ಹ್ಯಾಂಡಲ್ಲಿಗೆ ಬಂದು ಸೇರುವಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಕೇಬಲ್ಲು ಸಡಿಲ, ಹೊರಗೆ ತಿರುಗಿಸಿದರೆ ಬಿಗಿ. ನಾನು ಅದನ್ನು ಪೂರ್ತಿ ಒಳಗೆ ತಿರುಗಿಸಿಬಿಟ್ಟೆ. ಕ್ಲಚ್ಚು ಜೋತುಬಿದ್ದು ಕಿರುಬೆರಳಿಗೂ ಬರುವಂತಾಯಿತು. ಮರುದಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತೆ. ಅವರು ಬಂದರು, ಬೆರಳು ಕೂಡಿಸಿದರು, ಎಳೆದರು. ಕ್ಲಚ್ಚು ಅರ್ಧದಷ್ಟು ಬಂತು. ಅವರು ಅಲ್ಲಿಯೇ ನಿಂತು ತಮ್ಮ ಕೈಯನ್ನು ಬಹಳ ಹೊತ್ತು ನೋಡಿಕೊಂಡರು. ನಾನು ಒಲೆಯ ಮೇಲಿನ ಹಾಲು ಉಕ್ಕಿದ್ದೂ ಕಾಣದೆ ಅತ್ತೆಯ ಕೈಲಿ ಬೈಸಿಕೊಂಡೆ.

ಅಂದಿನಿಂದ ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಸಂಜೆ ಬೈಕಿನ ಪಕ್ಕ ಸ್ಟೂಲು ಹಾಕಿಕೊಂಡು ಕ್ಲಚ್ಚು ಎಳೆಯುವುದು, ಬಿಡುವುದು. ಕೆಲವು ದಿನಕ್ಕೊಮ್ಮೆ ನಾನು ಗೊತ್ತಾಗದ ಹಾಗೆ ತಿರುಪನ್ನು ಅಷ್ಟೇ ಅಷ್ಟು ಬಿಗಿ ಮಾಡುತ್ತಿದ್ದೆ. ಓಡಿಸುವಾಗ ಮಾತ್ರ ಕೇಬಲ್ಲು ಸರಿಯಾಗಿರಬೇಕು, ಇಲ್ಲದಿದ್ದರೆ ಗೇರು ಕಚ್ಚಿಕೊಂಡು ಗಾಡಿ ತಾನೇ ಮುಂದೆ ಜಿಗಿಯುತ್ತದೆ. ಹಾಗಾಗಿ ಬೈಕು ಹೊರಗೆ ತೆಗೆಯುವಾಗ ಓಣಿಯ ತಿರುವಿನಲ್ಲಿ ನಿಂತು ಬಿಗಿ ಮಾಡುವುದು, ಬರುವಾಗ ಅಲ್ಲೇ ನಿಂತು ಮತ್ತೆ ಸಡಿಲ ಮಾಡಿ, ಇಂಜಿನ್ನು ಬಂದ್ ಮಾಡಿ ಮನೆ ತನಕ ತಳ್ಳಿಕೊಂಡು ಬರುವುದು. ಪೆಟ್ರೋಲ್ ಉಳಿಸಲಿಕ್ಕೆ ತಳ್ಳುತ್ತೇನೆ ಎಂದು ಓಣಿಯವರು ಅಂದುಕೊಂಡರು. ನಾನು ಜಿಪುಣಿ ಎಂಬ ಹೆಸರು ಮೊದಲೇ ಇತ್ತು, ಅನುಕೂಲವಾಯಿತು.

ಬೈಕು ಓಡಿಸದೆ ನಿಲ್ಲಿಸಿದರೆ ಕೆಡುತ್ತದೆ, ಆದ್ದರಿಂದ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರ ಆರೈಕೆಯೂ ಬಂತು. ಸಿಮೆಂಟಿನ ಲಾರಿಗಳು ಓಡಾಡುವ ನಮ್ಮ ರಸ್ತೆಗಳಲ್ಲಿ ಬಿಳಿ ಧೂಳು ಎಲ್ಲೆಂದರಲ್ಲಿ ಹೊಗುತ್ತದೆ. ಏರ್ ಫಿಲ್ಟರ್ ತೆಗೆದು ಕೊಡವಿದರೆ ಗಿರಣಿಯಲ್ಲಿ ಹಿಟ್ಟು ಹಾರಿದಂತೆ ಹಾರುತ್ತಿತ್ತು. ಚೈನಿನ ಎಣ್ಣೆಗೆ ಅದು ಅಂಟಿ ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ, ಅದನ್ನು ತೊಳೆಯಬೇಕು, ಒಣಗಿಸಬೇಕು, ಹೊಸ ಎಣ್ಣೆ ಹಾಕಬೇಕು, ಜೋಲು ಎಷ್ಟಿದೆ ನೋಡಬೇಕು. ಇವರು ಸ್ಟೂಲಿನ ಮೇಲೆ ಕೂತು ಜಡ್ಜಿನಂತೆ ಆಜ್ಞೆ ಕೊಡುತ್ತಿದ್ದರು. ನಾನು ಕಲ್ಲುಹಾಸಿನ ಮೇಲೆ ಕೂತು ಬೋಲ್ಟುಗಳಿಗೆ ಬೈಯುತ್ತಿದ್ದೆ. ನಮ್ಮಿಬ್ಬರ ನಡುವೆ ಅಷ್ಟು ಮಾತು ಮದುವೆಯಾದ ಹೊಸತರಲ್ಲೂ ನಡೆದಿರಲಿಲ್ಲ.

ಬಿಸಿಲು ಏರತೊಡಗಿದ ಮೇಲೆ ಬೈಕಿಗೆ ರೋಗ ಬಂತು. ಒಂದು ಭಾನುವಾರ ಚಿತ್ತಾಪುರದ ಇನ್ನೊಬ್ಬ ವಕೀಲರ ಮನೆಗೆ ಇವರ ಕಾಗದಪತ್ರ ಒಯ್ಯುತ್ತಿದ್ದೆ. ಮಳಖೇಡ ದಾಟಿದ ಸ್ವಲ್ಪ ಹೊತ್ತಿಗೆ ಮೀಟರಿನಲ್ಲಿ ಇಂಜಿನ್ನಿನ ಶಾಖ ತೋರಿಸುವ ಗೆರೆಗಳು ಒಂದರ ಮೇಲೊಂದು ಏರಿ ಕೆಂಪು ದೀಪ ಹತ್ತಿತು. ನಿಲ್ಲಿಸಿ, ಆರಿಸಿ, ಮತ್ತೆ ಹೊರಟರೆ ಮತ್ತೆ ಅದೇ. ಹೋಗಿ ಬರುವಷ್ಟರಲ್ಲಿ ದಾರಿಯ ಒಂದೊಂದು ಬೇವಿನ ಮರವೂ ನನಗೆ ಪರಿಚಯವಾಯಿತು.

ಮನೆಗೆ ಬಂದು ಹೇಳಿದೆ. ಅವರು, “ಕೊಟ್ಟುಬಿಡೋಣ ಬಿಡು,” ಎಂದರು.

“ಯಾಕ್ರಿ? ಬಿಸಿಯಾದ್ರ ರಿಪೇರಿ ಮಾಡ್ಸೋದು.”

“ನಂದಽ ರಿಪೇರಿ ಆಗವಲ್ದು. ನಾನೊಬ್ಬ ಮೂಲ್ಯಾಗ, ಅದೊಂದು ಮೂಲ್ಯಾಗ. ದಿನಾ ಅದನ್ನ ನೋಡ್ಲಿಕ್ಕೆ ಆಗೂದಿಲ್ಲ ನನಗ. ಯುಗಾದಿ ತನಕ ನೋಡು. ಆಗ್ಲಿಲ್ಲ ಅಂದ್ರ ಕಲಬುರಗಿಯಾಂವ ಒಬ್ಬ ಕೇಳ್ಯಾನ, ಕೊಟ್ಟುಬಿಡೋಣ.”

ಅವರು ಅಷ್ಟು ಹೇಳಿ ಒಳಗೆ ಹೋದರು. ಆ ಸಂಜೆ ಕ್ಲಚ್ಚು ಎಳೆಯಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಬೈಕು ಹೋದರೆ ಹೋಗಲಿ, ಅದು ಕಬ್ಬಿಣ. ಆದರೆ ಆ ಕೈ ಇಡೀ ಪ್ರಪಂಚದಲ್ಲಿ ಮಾತು ಕೇಳುತ್ತಿದ್ದುದು ಆ ಒಂದು ಕ್ಲಚ್ಚಿನದು. ಬೈಕಿನ ಜೊತೆ ಕೈಯನ್ನೂ ಕಲಬುರಗಿಯವನಿಗೆ ಕೊಟ್ಟ ಹಾಗೆಯೇ ಎಂದು ನನಗೆ ಅನಿಸಿತು.

ಶಹಾಬಾದಿನಲ್ಲಿ ಇವರಿಗೆ ಬೇಕಾದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಕಲ್ಲಿನ ಪಾಲಿಶ್ ಮಾಡುವ ಅಂಗಡಿಗಳ ಸಾಲಿನಲ್ಲಿ ಅವರ ಗ್ಯಾರೇಜು. ನಮ್ಮನೆಯವರನ್ನು ವಕೀಲ ಸಾಹೇಬ್ರು ಎಂದೂ ಟೀಚರಮ್ಮ ಎಂಬ ಅರ್ಥದಲ್ಲಿ ನನ್ನನ್ನು ಬಾಯಾರು ಎಂದೂ ಕರೆಯುವ ಮನುಷ್ಯ. ಇವರಿಗೆ ಲಕ್ವಾ ಹೊಡೆದ ಮೇಲೆ, ಚಳಿಗಾಲದಲ್ಲಿ, ತಾವಾಗಿಯೇ ಸೇಡಂಗೆ ಬಂದು ಬೈಕಿನ ಎಣ್ಣೆ, ಇಂಜಿನ್ನು ತಣ್ಣಗಿಡುವ ಕೂಲಂಟು ಎಲ್ಲ ಬದಲಿಸಿ, ಚಹಾ ಮಾತ್ರ ಕುಡಿದು ಹೋಗಿದ್ದರು. ವಾಡಿ ಊರಿನ ಮೇಲೆ ಹಾದು, ನಿಂತು ನಿಂತು, ಗಾಡಿಯನ್ನು ಅವರ ಹತ್ತಿರ ಒಯ್ದೆ. ಅವರು ಹ್ಯಾಂಡಲ್ಲಿಗೆ ಕೈ ಹಾಕಿದ ಕೂಡಲೇ ತಿರುಪನ್ನು ನೋಡಿದರು. ಅಷ್ಟು ತಿರುಗಿಸಿದ ತಿರುಪಿನ ಹಲ್ಲು ಉಜ್ಜಿ ಬೆಳ್ಳಗಾಗಿತ್ತು.

“ಇದಕ್ಕ ಯಾರು ಇಷ್ಟು ಕೈ ಆಡಸ್ಲಿಕತ್ತಾರ್ರಿ ಬಾಯಾರ?”

ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅವರು ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಹ್ಯಾಂಡಲ್ಲು ಒರೆಸಿದರು.

“ಸಾಹೇಬ್ರ ಮುಂದ ನಾ ಬಾಯಿ ಬಿಡಂಗಿಲ್ರಿ, ಫಿಕರ್ ಮಾಡಬ್ಯಾಡ್ರಿ,” ಎಂದು ಆ ತಿರುಪಿಗೆ ಎರಡು ಹನಿ ಎಣ್ಣೆ ಬಿಟ್ಟರು. “ಇನ್ನ ಸಲೀಸ್ ತಿರುಗ್ತದ.”

ಆದರೆ ರೋಗ ಅವರಿಗೂ ಸಿಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಫ್ಯೂಸು ಸರಿ ಇತ್ತು. ರೇಡಿಯೇಟರಿನ ಹೊರಗಿನ ಧೂಳನ್ನೆಲ್ಲ ಗಾಳಿ ಹೊಡೆದು ತೆಗೆದರು. ಧೂಳು ಮುಸುಕಿದ ಬಾಟಲಿಯಲ್ಲಿ ಕೂಲಂಟಿನ ಬಣ್ಣ ಕಾಣದಿದ್ದರೂ ಮಟ್ಟ ಸರಿಯಾಗಿತ್ತು. “ನಿಂತಾಗ ತಣ್ಣಗದ, ಓಡಿದಾಗ ಯಾಕ ಬಿಸಿ ಅಂತ ತಿಳಿವಲ್ದು,” ಎಂದು ತಲೆ ಕೆರೆದುಕೊಂಡರು. ಹೊಸ ಥರ್ಮೋಸ್ಟ್ಯಾಟ್ ತರಿಸಲು ವಾರ ಬೇಕಾಗುತ್ತದೆ ಎಂದರು. ಅದು ಇಂಜಿನ್ನು ಕಾದಾಗ ತಾನೇ ಬಾಯಿ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಒಂದು ಸಣ್ಣ ಕವಾಟ. ಅದು ಕೆಟ್ಟಿದೆಯೋ ಇಲ್ಲವೋ ಮನೆಯಲ್ಲೇ ಪರೀಕ್ಷೆ ಮಾಡಬಹುದು ಎಂದೂ ಹೇಳಿಕೊಟ್ಟರು.

ಯುಗಾದಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಮನೆಗೆ ಬಂದು ಬೈಕಿನ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದೆ. ಬೋಲ್ಟುಗಳ ಸಪ್ಪಳಕ್ಕೆ ಇವರು ಎದ್ದು ಬಂದು, ಒಲ್ಲದ ಮನಸ್ಸಿನಿಂದ ಸ್ಟೂಲಿನ ಮೇಲೆ ಕೂತರು.

“ಆರೋಪಿ ಯಾರು ಅಂತ ಮೊದಲಽ ಬರಕೊಂಡು ವಿಚಾರಣೆ ಮಾಡಬ್ಯಾಡ,” ಎಂದರು. “ಒಬ್ಬೊಬ್ಬರನ್ನ ಕರೀ.”

ಮೊದಲು ಕೂಲಂಟು ಇಳಿಸಿದೆ. ಹಸಿರಾಗಿ ಬರಬೇಕಾದದ್ದು ನೀರುಮಜ್ಜಿಗೆಯಂತೆ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಚಳಿಗಾಲದಲ್ಲಿ ಹಾಕಿದ್ದು ಇದೇನು ಎಂದು ಅಲ್ಲಿಂದಲೇ ಶಹಾಬಾದಿಗೆ ಫೋನು ಹಚ್ಚಿ ಆ ಮನುಷ್ಯನಿಗೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ಅವರು ಎಲ್ಲ ಕೇಳಿ, “ಬಾಯಾರ, ನಾ ಹಾಕಿದ್ದು ಹಸುರಿತ್ರಿ. ಅದು ಬೆಳ್ಳಗ ಹೆಂಗಾತು ಅಂತ ನೋಡ್ರಿ, ಆಮ್ಯಾಲ ನನಗ ಬೈರಿ. ನಾ ಇಲ್ಲೇ ಇರ್ತೀನಿ,” ಎಂದರು.

ಇನ್ನು ಥರ್ಮೋಸ್ಟ್ಯಾಟು. ಅದನ್ನು ದಾರದಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಇಳಿಬಿಡಬೇಕು, ಬಾಯಿ ತೆರೆದರೆ ಒಳ್ಳೆಯದು, ತೆರೆಯದಿದ್ದರೆ ಕೆಟ್ಟದ್ದು. ಅದನ್ನು ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಹೋದರೆ ಅತ್ತೆ ಎರಡೂ ಕೈ ಅಡ್ಡ ಹಿಡಿದರು. ಅವರದು ಮಡಿಯ ಅಡುಗೆ.

“ಇಂಜಿನ್ನಿನ ಹೊಟ್ಟ್ಯಾಗಿಂದು ನನ್ನ ಒಲಿ ಮ್ಯಾಲ ಕುದಸ್ತೀಯೇನ? ಬಚ್ಚಲಾಗ ಹಳೇ ಪಾತೇಲಿ ಅದ, ಅದರಾಗ ಏನರೆ ಮಾಡ್ಕೋ.”

ಬಚ್ಚಲಿನಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದ ಆ ಪಾತ್ರೆಯಲ್ಲೇ ನೀರು ಕಾಯಿಸಿದೆ. ನೀರು ಕುದಿಯುವ ಹೊತ್ತಿಗೆ ಥರ್ಮೋಸ್ಟ್ಯಾಟು ಸರಿಯಾಗಿ ಬಾಯಿ ತೆರೆಯಿತು. ಆರೋಪಿ ಅದಲ್ಲ. ಬೇಸರದಿಂದ ನೀರು ಚೆಲ್ಲಿದೆ. ಪಾತ್ರೆಯ ತಳದಲ್ಲಿ, ಗೋಡೆಗೆ ಸುಣ್ಣ ಬಳಿದಂತೆ, ಬಿಳಿ ಪದರು ಕೂತಿತ್ತು. ಇದು ಹೊಸತಲ್ಲ. ನಮ್ಮದು ಸುಣ್ಣಕಲ್ಲಿನ ನೆಲ, ಬೋರಿನ ನೀರು ಕಾಯಿಸಿದ ಪಾತ್ರೆಯೆಲ್ಲ ಹೀಗೆಯೇ. ಆದರೆ ಅದೇ ಬಿಳಿ ನನ್ನ ಕೈಯಲ್ಲಿದ್ದ ಥರ್ಮೋಸ್ಟ್ಯಾಟಿನ ಅಂಚಿನಲ್ಲೂ ಇತ್ತು. ಬಿಚ್ಚಿದಾಗ ಸಿಮೆಂಟಿನ ಧೂಳು ಅಂದುಕೊಂಡಿದ್ದೆ. ಉಗುರಿನಿಂದ ಕೆರೆದೆ, ಉದುರಲಿಲ್ಲ. ಪಾತ್ರೆಯದನ್ನು ಕೆರೆದೆ, ಅದೂ ಉದುರಲಿಲ್ಲ. ರೇಡಿಯೇಟರಿನ ಬಾಯಿಗೆ ಬ್ಯಾಟರಿ ಹಿಡಿದು ನೋಡಿದರೆ ಒಳಗಿನ ಸಣ್ಣ ನಾಳಗಳೆಲ್ಲ ಬೆಳ್ಳಗೆ ಕಟ್ಟಿಕೊಂಡಿದ್ದವು.

“ಇದರಾಗ ಯಾರೋ ಬೋರಿನ ನೀರು ಹಾಕ್ಯಾರ,” ಎಂದೆ. “ಒಂದ್ಸಲ ಎರಡ್ಸಲ ಅಲ್ಲ, ದಿನಾ ಹಾಕ್ಯಾರ.”

ಇವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ತುಳಸಿಕಟ್ಟೆಯ ಹತ್ತಿರದಿಂದ ಅತ್ತೆಯ ದನಿ ಬಂತು.

“ನಾ ಹಾಕೀನಿ.”

ಅವರು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕುವವರು ಅವರೇ. ಬೈಕಿನ ಕೆಳಗಿನ ಕಲ್ಲಿನ ಮೇಲೆ ಒಂದೆರಡು ಹನಿ ಬಿದ್ದಿರುವುದನ್ನು ಕಂಡದ್ದು ಅವರೊಬ್ಬರೇ. ನಾನು ಏಳುವ ಹೊತ್ತಿಗೆ ಅದು ಸಾರಿಸಿ ಹೋಗಿರುತ್ತಿತ್ತು.

“ಅದಕ್ಕ ಬೆವರು ಬಿಡ್ಲಿಕತ್ತಿತ್ತು. ಬಾಟಲಿನೂ ಇಳೀತಿತ್ತು. ಇಂವ ಚಂದಿದ್ದಾಗ ಅದರಾಗ ಹಾಕೋದು ನೋಡಿದ್ದೆ. ಇಂವ ಮಕ್ಕೊಂಡ ಮ್ಯಾಲ ಅದಕ್ಕ ನೋಡೋರು ಯಾರು? ತುಳಸಿಗೆ ಹಾಕಿ ಚೆಂಬಿನ್ಯಾಗ ಉಳದದ್ದು ಅದಕ್ಕ ಹಾಕ್ತಿದ್ದೆ. ಅದು ಚಂದಿದ್ರ ಇಂವನೂ ಚಂದ ಆಗ್ತಾನ ಅಂತ…”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಸಿಟ್ಟು ಬಂದಿತ್ತು. ಬೇವಿನ ಮರಗಳು, ಶಹಾಬಾದಿನ ತನಕ ನಿಂತು ನಿಂತು ಹೋದದ್ದು, ಆ ಮನುಷ್ಯನಿಗೆ ಬೈದದ್ದು, ಎಲ್ಲ ಒಟ್ಟಿಗೆ ನೆನಪಾದವು. ಬಾಯಿ ತೆರೆದೆ ಕೂಡ. ಆಗ ಕ್ಲಚ್ಚಿನ ತಿರುಪು ನನ್ನ ಕಣ್ಣಿಗೆ ಬಿತ್ತು. ಇದೇ ಅಂಗಳದಲ್ಲಿ, ಇದೇ ಬೈಕಿಗೆ, ಯಾರೂ ನೋಡದ ಹೊತ್ತಿನಲ್ಲಿ ನಾನೂ ಕದ್ದು ಕೈ ಹಾಕಿದವಳೇ. ಅವರೂ ಅದೇ ಕಾರಣಕ್ಕೆ ಹಾಕಿದ್ದು. ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಹಾಗೆ ಮುಚ್ಚಿದ್ದು ಅಪರೂಪ, ಅತ್ತೆಗೂ ಆಶ್ಚರ್ಯವಾಗಿರಬೇಕು.

ಅಷ್ಟರಲ್ಲಿ ಇವರು ನಕ್ಕರು. ಲಕ್ವಾ ಹೊಡೆದ ಮೇಲೆ ಅಂಥ ನಗು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಮೊದಲು ಬಾಯಿಯ ಬಲಗಡೆ ನಕ್ಕಿತು, ಆಮೇಲೆ ಎಡಗಡೆಯೂ ತಡವಾಗಿ ಬಂದು ಕೂಡಿಕೊಂಡಿತು.

“ಅವ್ವಾ, ನನ್ನ ಗಾಡಿಗೆ ದಿನಾ ತೀರ್ಥ ಕೊಟ್ಟೀಯಲ್ಲ! ಒಂದೆರಡು ತುಳಸಿ ಎಲಿನೂ ಹಾಕಬೇಕಿತ್ತು!”

ಅತ್ತೆ ಅಳುತ್ತಲೇ, “ಹಾಕ್ಬೇಕಂತಿದ್ದೆ. ಸಿಕ್ಕೊಂಡೀತು ಅಂತ ಬಿಟ್ಟೆ,” ಎಂದರು. ಆಗ ನನಗೂ ನಗು ತಡೆಯಲಾಗಲಿಲ್ಲ.

ಶಹಾಬಾದಿಗೆ ಫೋನು ಮಾಡಿ ಮೊದಲು ಬೈದದ್ದನ್ನು ವಾಪಸ್ ತೆಗೆದುಕೊಂಡೆ, ಆಮೇಲೆ ಬರಲು ಕೇಳಿದೆ. ಅವರು ಮರುದಿನವೇ ಬಂದರು. ಸುಣ್ಣ ಕರಗಿಸುವ ದ್ರಾವಣ ಹಾಕಿ ರೇಡಿಯೇಟರನ್ನು ಮತ್ತೆ ಮತ್ತೆ ತೊಳೆದರು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕುತ್ತೇವಲ್ಲ, ಇದಕ್ಕೂ ಕೊಡಲೇ ಎಂದು ಅತ್ತೆ ಕೇಳಿದಾಗ, “ಬ್ಯಾಡ್ರಿ ಅಮ್ಮಾರ, ಆಮ್ಯಾಲ ಒಗ್ಗರಣಿ ಬೇಡ್ತದ,” ಎಂದರು. ಹನಿ ಎಲ್ಲಿಂದ ಬೀಳುತ್ತಿತ್ತು ಎಂಬುದೂ ಸಿಕ್ಕಿತು. ಕೆಳಗಿನ ರಬ್ಬರ್ ಪೈಪಿನ ಬಿಗಿಪಟ್ಟಿ ಸಡಿಲವಾಗಿತ್ತು. ಅತ್ತೆ ತುಂಬಿಸುತ್ತಿದ್ದುದರಿಂದ ಬಾಟಲಿಯ ಮಟ್ಟ ಎಂದೂ ಇಳಿಯಲಿಲ್ಲ, ನಮಗೆ ಸಂಶಯವೂ ಬರಲಿಲ್ಲ.

ಕೊನೆಗೆ ಹೊಸ ಕೂಲಂಟು ಹಾಕುವ ಹೊತ್ತಿಗೆ ಅವರು ಕ್ಯಾನನ್ನು ತಾವು ಎತ್ತಲಿಲ್ಲ. ದೂರ ನಿಂತಿದ್ದ ಅತ್ತೆಯನ್ನು ಕರೆದರು.

“ಬರ್ರಿ ಅಮ್ಮಾರ, ಇದು ನೀವಽ ಹಾಕ್ರಿ. ನಿಮ್ಮ ಕೈ ರೂಢಿ ಅದ ಅದಕ್ಕ.”

ಅತ್ತೆ ಕೈ ತೊಳೆದುಕೊಂಡು ಬಂದು, ಎರಡೂ ಕೈಯಲ್ಲಿ ಕ್ಯಾನು ಹಿಡಿದು, ಒಂದು ಹನಿಯೂ ಚೆಲ್ಲದೆ ಹಸಿರು ಕೂಲಂಟನ್ನು ಸುರಿದರು. ಆ ಕೆಲಸ ಅವರ ಕೈಗೆ ಕೊಟ್ಟ ಆ ಮನುಷ್ಯನ ಋಣ ನನ್ನ ಮೇಲಿದೆ, ಇದ್ದೇ ಇರಲಿ. ತೀರಿಸುವ ಮನಸ್ಸೂ ನನಗಿಲ್ಲ.

ಯುಗಾದಿಯ ಹಿಂದಿನ ದಿನ ಪರೀಕ್ಷೆಗೆ ಹೊರಟೆ. ಬಿಸಿಲಿನಲ್ಲೇ ಓಡಿಸಬೇಕು, ದೂರ ಓಡಿಸಬೇಕು, ಎಂದು ಇವರ ಆಜ್ಞೆಯಾಗಿತ್ತು. ಓಣಿಯ ತಿರುವಿನಲ್ಲಿ ತಿರುಪು ಬಿಗಿ ಮಾಡಿಕೊಂಡೆ. ಸುಲೇಪೇಟ ದಾಟಿದೆ, ಚಿಂಚೋಳಿ ದಾಟಿದೆ. ರಸ್ತೆಗಿಂತ ಹೆಚ್ಚಾಗಿ ಮೀಟರನ್ನೇ ನೋಡುತ್ತಿದ್ದೆ. ಶಾಖದ ಗೆರೆಗಳು ಅರ್ಧಕ್ಕೆ ಬಂದು ನಿಂತವು, ಫ್ಯಾನು ಒಮ್ಮೆ ತಿರುಗಿ ಸುಮ್ಮನಾಯಿತು, ಗೆರೆಗಳು ಮತ್ತೆ ಇಳಿದವು. ಚಂದ್ರಂಪಳ್ಳಿಯ ಕೆರೆಯ ಏರಿಯ ಮೇಲೆ ನಿಲ್ಲಿಸಿ ಫೋನು ಮಾಡಿದೆ.

“ಅರ್ಧಕ್ಕ ಅದ್ರಿ. ಅರ್ಧಕ್ಕಿಂತ ಒಂದು ಗೆರಿನೂ ಮ್ಯಾಲ ಹೋಗಿಲ್ಲ.”

ಅವರು, “ನೀರು ಎಷ್ಟದ?” ಎಂದರು.

“ಎಲ್ಲೀದು, ಬಾಟಲಿದೇನ್ರಿ?”

“ಕೆರೀದು.”

ಭಾಳ ಅದ ಎಂದೆ. ದಂಡೆಯ ಕಾಡು ನೀರಿನಲ್ಲಿ ಕಾಣಲಿಕತ್ತದ ಎಂದೂ ಹೇಳಿದೆ. ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿ ಬಂದವು. ಹೆಲ್ಮೆಟ್ಟಿನೊಳಗೆ ಅತ್ತರೆ ಒಂದು ಅನುಕೂಲ, ಯಾರಿಗೂ ಕಾಣುವುದಿಲ್ಲ.

ಬರುವಾಗ ಖುಷಿಯಲ್ಲಿ ಎಲ್ಲ ಮರೆತೆ. ಓಣಿಯ ತಿರುವಿನಲ್ಲಿ ನಿಲ್ಲಲಿಲ್ಲ. ನೇರವಾಗಿ ಅಂಗಳಕ್ಕೇ ಓಡಿಸಿಕೊಂಡು ಬಂದು ನಿಲ್ಲಿಸಿದೆ. ಅತ್ತೆ ಬಂದು ಬೈಕಿನ ಕೆಳಗೆ ಬಗ್ಗಿ ಹನಿ ಬಿದ್ದಿದೆಯೇ ಎಂದು ನೋಡಿದರು. ಇಲ್ಲ ಎಂದು ಖಾತ್ರಿಯಾದ ಮೇಲೆ ನನಗೆ ನೀರು ಕೊಟ್ಟರು. ಇವರು ಕೋಲು ಗೋಡೆಗೆ ಆನಿಸಿ ಬಂದರು. ಎಷ್ಟೋ ದಿನದ ಮೇಲೆ ಎಡಗೈಯನ್ನು ಕ್ಲಚ್ಚಿನ ಮೇಲೆ ಇಟ್ಟರು. ಬಲಗೈಯ ಸಹಾಯವಿಲ್ಲದೆ ಇಟ್ಟರು.

ನಾನು ನೀರಿನ ಲೋಟ ಹಿಡಿದಂತೆಯೇ ನಿಂತೆ. ತಿರುಪು ಪೂರ್ತಿ ಬಿಗಿ ಇತ್ತು. ಅಯ್ಯೋ ಎನ್ನಬೇಕು, ತಡೆಯಬೇಕು, ಏನೂ ಆಗಲಿಲ್ಲ.

ಅವರು ಎಳೆದರು. ಕ್ಲಚ್ಚು ನಿಧಾನವಾಗಿ ಬಂತು, ಅರ್ಧ ಬಂತು, ಅಲ್ಲಿ ಒಂದು ಗಳಿಗೆ ನಿಂತಿತು, ಮತ್ತೆ ಬಂತು, ಹಿಡಿಕೆಗೆ ಮುಟ್ಟಿತು. ಅವರು ಹಾಗೆಯೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

“ಇವತ್ತ ಸಡಲ ಮಾಡೋದು ಮರ್ತೀಯಲ್ಲ,” ಎಂದರು.

ನಾನು ಲೋಟ ಕೆಳಗಿಟ್ಟೆ. “ಯಾವಾಗ ಗೊತ್ತಾತು ನಿಮಗ?” ಎಂದೆ.

“ಮೊದಲನೇ ದಿನಽ. ನನ್ನ ಕ್ಲಚ್ಚು ನನಗ ಗೊತ್ತಾಗಂಗಿಲ್ಲೇನು?” ಎಂದು ಮೆಲ್ಲಗೆ ಕೈ ಬಿಟ್ಟರು. ಮತ್ತೆ ಅದನ್ನೇ ಹಿಡಿದು ಮತ್ತೊಮ್ಮೆ ಎಳೆದರು. “ಇನ್ಮ್ಯಾಲ ಮಾಡಬ್ಯಾಡ. ಹಿಂಗಽ ಇರಲಿ.”